ಕಿಟಕಿ ಮೇಜಿನ ಬೆರಿಲ್

ಬೆರಿಲ್ ಹಾರಕ್ಸ್ ಹದಿನೇಳು ವರ್ಷ ವಾರಕ್ಕೆರಡು ಸಂಜೆ ಟೀವಿಯಲ್ಲಿ ಕಾಣಿಸಿಕೊಂಡಳು, ಒಂದು ಮಾತೂ ಆಡಲಿಲ್ಲ. ಆಡಲಿಲ್ಲ ಅಂದರೆ ತಪ್ಪಾಗುತ್ತದೆ. ಬೇಕಾದಷ್ಟು ಆಡಿದಳು, ದನಿ ಮಾತ್ರ ಹೊರಡಿಸಲಿಲ್ಲ. ದನಿ ಹೊರಡದಂತೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು.

ನಮ್ಮ ಧಾರಾವಾಹಿಯ ಹೆಸರು 'ಹೆರನ್ ಕಟ್ಟೆ'. ಕಾಲುವೆ ದಡದ ಒಂದು ಬೀದಿ, ಬೀದಿಯ ಕೊನೆಗೊಂದು ಪಬ್ಬು, ಪಬ್ಬಿನ ಒಡತಿ ಡೋರಾ. ಸಾಲ್ಫರ್ಡ್‌ನ ಒಂದು ಹಳೆಯ ಗೋದಾಮಿನೊಳಗೆ ಅದನ್ನೆಲ್ಲ ಕಟ್ಟಿದ್ದರು. ಪಬ್ಬಿನ ಗಡಿಯಾರದಲ್ಲಿ ಯಾವಾಗಲೂ ಏಳೂಕಾಲು. ಬೆಳಿಗ್ಗೆ ಹತ್ತಕ್ಕೆ ಒಳಗೆ ಹೋದರೆ ಅಲ್ಲಿ ಸಂಜೆ. ಊಟ ಮುಗಿಸಿ ಬಂದರೂ ಅದೇ ಸಂಜೆ. ಕಿಟಕಿಯಾಚೆ ಬಟ್ಟೆಯ ಮೇಲೆ ಬರೆದ ಕಾಲುವೆ, ಅದರಲ್ಲಿ ಎಂದೂ ಮುಂದೆ ಹೋಗದ ಒಂದು ದೋಣಿ. ಲೋಟಗಳಲ್ಲಿ ತಣ್ಣನೆಯ ಟೀ. ಹೊರಗೆ ನಿಜವಾದ ಮಳೆ ಸುರಿಯುತ್ತಿದ್ದರೂ ಒಳಗೆ ಕಾಗದದ ಹಿಮ ಬೀಳುತ್ತಿತ್ತು. ಎಷ್ಟೋ ಸಲ ಮನೆಗೆ ಹೊರಟವಳು ಬಾಗಿಲಲ್ಲಿ ನಿಂತು ಇದು ಯಾವ ತಿಂಗಳು ಎಂದು ಯೋಚಿಸಿದ್ದುಂಟು.

ಮುಂದೆ ನಟರು ಮಾತಾಡುವಾಗ ಹಿಂದೆ ಮೇಜುಗಳಲ್ಲಿ ಜನ ಕೂತು ಮಾತಾಡುತ್ತಿರುವಂತೆ ಕಾಣಬೇಕಲ್ಲ, ಅವರನ್ನು ನಾವು ಹಿನ್ನೆಲೆಯವರು ಎನ್ನುತ್ತಿದ್ದೆವು. ಅವರ ತುಟಿ ಆಡಬೇಕು, ಸದ್ದು ಬರಬಾರದು. ಏನು ಹೇಳಿದರೂ ನಡೆಯುತ್ತದೆ. ಹೊಸಬರು ಒಂದು ಎರಡು ಮೂರು ಎಣಿಸುತ್ತಿದ್ದರು. ಬೆರಿಲ್ ನಮ್ಮಲ್ಲಿಗೆ ಬರುವ ಮೊದಲು ಇಪ್ಪತ್ತೆರಡು ವರ್ಷ ವಿಕ್ಟೋರಿಯಾ ರೈಲು ಸ್ಟೇಷನ್ನಿನ ಟಿಕೆಟ್ ಕಿಂಡಿಯಲ್ಲಿ ಕೂತವಳು. ಅವಳ ಬಾಯಿಗೆ ಬಂದಿದ್ದು ಸ್ಟೇಷನ್ನುಗಳ ಹೆಸರು. ಬೋಲ್ಟನ್, ಚಾರ್ಲಿ, ಪ್ರೆಸ್ಟನ್, ಲ್ಯಾಂಕಾಸ್ಟರ್, ಕಾರ್ನ್‌ಫರ್ತ್, ಸಿಲ್ವರ್‌ಡೇಲ್, ಆರ್ನ್‌ಸೈಡ್, ಗ್ರೇಂಜ್. ಕೊಲ್ಲಿಯ ದಂಡೆಗುಂಟ ಹೋಗುವ ಆ ಗಾಡಿ ಹದಿನೇಳು ವರ್ಷ ನಮ್ಮ ಪಬ್ಬಿನೊಳಗೆ ಸದ್ದಿಲ್ಲದೆ ಓಡಾಡಿತು.

ಅವಳೆದುರು ಕೂರುತ್ತಿದ್ದವನು ಹರ್ಬರ್ಟ್ ಪಿಲ್ಲಿಂಗ್. ಕಂದು ಚೌಕಳಿಯ ಟೋಪಿ, ದಪ್ಪ ಕೈಬೆರಳು, ಹೆಂಡತಿ ಸತ್ತು ಎಷ್ಟೋ ವರ್ಷ. ನೆಲ್ಸನ್ ಊರಿನ ಗಿರಣಿ ಮುಚ್ಚುವವರೆಗೆ ಅಲ್ಲಿ ನೇಯುತ್ತಿದ್ದ. ಮಗ್ಗಗಳ ಸದ್ದಿಗೆ ಕಿವಿ ಅರ್ಧ ಹೋಗಿತ್ತು, ಹಾಗಾಗಿ ಹೊರಗೆ ಮಾತೇ ಕಡಿಮೆ. ಟೀ ವಿರಾಮದಲ್ಲಿ ಜೇಬಿನಿಂದ ಒಣದ್ರಾಕ್ಷಿ ತುಂಬಿದ ಎಕ್ಲ್ಸ್ ಕೇಕ್ ತೆಗೆದು ಎರಡು ಮಾಡಿ ದೊಡ್ಡ ಅರ್ಧವನ್ನು ಅವಳ ಮುಂದೆ ತಳ್ಳುತ್ತಿದ್ದ. ಸಂಜೆ ಅವಳ ಬಸ್ಸು ಬರುವವರೆಗೆ ಪಕ್ಕದಲ್ಲಿ ನಿಂತು ಆಮೇಲೆ ತನ್ನ ಬಸ್ಸಿಗೆ ಹೋಗುತ್ತಿದ್ದ. ಇಷ್ಟೇ. ಒಬ್ಬರ ಮನೆ ಒಬ್ಬರು ನೋಡಿದವರಲ್ಲ.

ಮೊದಲ ದಿನದ ಒಂದು ಸಂಗತಿಯನ್ನು ಹೇಳಲೇಬೇಕು, ಏಕೆಂದರೆ ತಪ್ಪು ನನ್ನದು. ಹರ್ಬರ್ಟ್‌ನ ಬಾಯಿ ಆಡುವುದನ್ನು ನೋಡಿ ಬೆರಿಲ್‌ಗೆ ನಗು ತಡೆಯಲಾಗಲಿಲ್ಲ, ಚಿತ್ರೀಕರಣ ಕೆಟ್ಟಿತು. ನಾನು ಸಿಡುಕಿದೆ. "ಅವ್ರ ಮುಖ ನೋಡ್ಬೇಡಿ ತಾಯಿ! ಹೆಗಲ ಮೇಲಿಂದ ಆಚೆ ಆ ಹಿತ್ತಾಳೆ ಹೂಜಿ ನೋಡ್ಕೊಂಡು ಮಾತಾಡಿ." ಬೆರಿಲ್ ಹೇಳಿದ್ದನ್ನು ಕೇಳುವವಳು. ಅಂದಿನಿಂದ ಹೂಜಿಯನ್ನೇ ನೋಡಿದಳು.

ತೊಂಬತ್ತನಾಲ್ಕರ ವಸಂತದಲ್ಲಿ ಡೋರಾ ಪಾತ್ರದ ನಟಿ ಕೆಲಸ ಬಿಟ್ಟಳು. ಕಥೆಯಲ್ಲಿ ಡೋರಾ ರಜೆಗೆಂದು ಸ್ಪೇನ್‌ಗೆ ಹೋದಳು, ಮರುವಾರ ಬೇರೆ ಮುಖ ಹೊತ್ತು ವಾಪಸು ಬಂದಳು. ಪಬ್ಬಿನಲ್ಲಿ ಯಾರೂ ಕ್ಯಾರೇ ಅನ್ನಲಿಲ್ಲ, "ಬಿಸಿಲು ಚೆನ್ನಾಗಿತ್ತಾ ಡೋರಾ?" ಎಂದಷ್ಟೇ ಕೇಳಿದರು. ದೇಶವೆಲ್ಲ ಬೊಬ್ಬೆ ಹಾಕಿತು. ಪತ್ರಿಕೆಗಳು ಮೊದಲ ಪುಟದಲ್ಲಿ ಬರೆದವು. ಮೂಟೆಗಟ್ಟಲೆ ಕಾಗದ ಬಂದವು, ಅವನ್ನೆಲ್ಲ ಓದಿ ಉತ್ತರಿಸುವ ಕೆಲಸ ನನ್ನ ತಲೆಗೆ ಕಟ್ಟಿದರು.

ಆ ಗಲಾಟೆಯ ನಡುವೆಯೇ ಹರ್ಬರ್ಟ್ ತೀರಿಕೊಂಡ. ಭಾನುವಾರ ಮಲಗಿದವನು ಸೋಮವಾರ ಏಳಲಿಲ್ಲ. ಗುರುವಾರ ಬೆರಿಲ್ ಸೆಟ್ಟಿಗೆ ಬಂದಾಗ ಅವನ ಕುರ್ಚಿಯಲ್ಲಿ ಅವನ ಟೋಪಿ ಹಾಕಿಕೊಂಡು ಬೇರೊಬ್ಬ ಕೂತಿದ್ದ.

"ಇದ್ಯಾರು?" ಎಂದು ನನ್ನನ್ನೇ ಕೇಳಿದಳು.

"ಲೆಸ್ಲಿ ಅಂತ. ಒಳ್ಳೆಯವ್ರು."

"ಒಳ್ಳೆಯವ್ನೋ ಕೆಟ್ಟವ್ನೋ ನಾನು ಕೇಳ್ಲಿಲ್ಲ ಮರಿ. ಆ ಟೋಪಿ ಯಾಕೆ ಹಾಕ್ಕೊಂಡಿದಾನೆ?"

ಲೆಸ್ಲಿ ಪಾಪ ಮುಖ ಸಣ್ಣಗೆ ಮಾಡಿಕೊಂಡು, "ನನಗೆ ಕೊಟ್ರು ಅಮ್ಮಾ, ತೆಗೀಲಾ?" ಎಂದ. ತೆಗೆಯುವಂತಿರಲಿಲ್ಲ. ಹಿಂದಿನ ಕಂತಿನಲ್ಲಿ ಕಿಟಕಿ ಮೇಜಿನಲ್ಲಿ ಕಂದು ಟೋಪಿ ಇತ್ತು, ಈ ಕಂತಿನಲ್ಲೂ ಇರಬೇಕು. ಅದು ನಮ್ಮ ಕಸುಬಿನ ಕಟ್ಟುನಿಟ್ಟು.

ಅಂದು ಕ್ಯಾಮೆರಾ ತಿರುಗಿದಾಗ ಬೆರಿಲ್ ತುಟಿ ಬಿಗಿದುಕೊಂಡು ಕೂತಳು. ನಿರ್ದೇಶಕರು ಮೇಲಿನ ಕೋಣೆಯಿಂದ ನನ್ನ ಕಿವಿಗೆ ಹಾಕಿದ್ದ ಯಂತ್ರದೊಳಗೆ ಕೂಗಿದರು, ನಾನು ಅವಳ ಕಿವಿಯಲ್ಲಿ ಬೇಡಿಕೊಂಡೆ. ಕೊನೆಗೆ ಗಾಡಿ ಬೋಲ್ಟನ್ ಬಿಟ್ಟು ಹೊರಟಿತು. ಕೆಲಸ ಮುಗಿದ ಕೂಡಲೇ ಅವಳು ಕೋಟು ಹಾಕಿಕೊಂಡು ನೇರ ನಿರ್ಮಾಪಕರ ಕೋಣೆಗೆ ಹೋದಳು. ನಾನೂ ಹಿಂದೆಯೇ ಓಡಿದೆ.

ನಿರ್ಮಾಪಕ ಲಿಂಡನ್ ಲಂಡನ್ನಿನಿಂದ ಆಗತಾನೆ ಬಂದಿದ್ದ ಹುರುಪಿನ ಮನುಷ್ಯ. ಬೆರಿಲ್ ಕೂರಲೂ ಇಲ್ಲ.

"ಒಂದೇ ಒಂದು ಮಾತು ಸಾರ್. ಡೋರಾ ಲೋಟ ಒರೆಸ್ತಾ ಇರ್ತಾಳಲ್ಲ, ಆಗ ಹೇಳ್ಲಿ. 'ಕಿಟಕಿ ಹತ್ರ ಕೂರ್ತಿದ್ದ ಯಜಮಾನ್ರು ಹೋಗ್ಬಿಟ್ರಂತೆ' ಅಂತ. ಅಷ್ಟು ಸಾಕು."

"ಬೆರಿಲ್, ಅವ್ರಿದ್ರು ಅನ್ನೋದೇ ಜನಕ್ಕೆ ಗೊತ್ತಿಲ್ಲ. ಇಲ್ದೇ ಇದ್ದವ್ರು ಸತ್ರು ಅಂತ ಹೇಗೆ ಹೇಳ್ಸೋದು? ನೋಡೋರಿಗೆ ಅವ್ರು ಒಂದು ಟೋಪಿ. ಟೋಪಿ ಅಲ್ಲೇ ಇದೆ."

ಅವನು ಕೆಟ್ಟವನಲ್ಲ, ನಿಜವನ್ನೇ ಹೇಳಿದ. ಅದಕ್ಕೇ ನನಗೆ ಮೈ ಉರಿಯಿತು. ಬೆರಿಲ್ ಮೆಟ್ಟಿಲು ಇಳಿಯುತ್ತಾ ಮೆಲ್ಲಗೆ ಹೇಳಿದಳು. "ಡೋರಾ ಮುಖ ಬದ್ಲಾದ್ರೆ ದೇಶ ಪೂರ್ತಿ ಅಳುತ್ತೆ. ಹರ್ಬರ್ಟ್ ಪೂರ್ತಿ ಬದ್ಲಾದ್ರೂ ಒಂದು ನಾಯೀನೂ ತಿರುಗಿ ನೋಡಲ್ಲ. ಒಬ್ರಿಗೆ, ಯಾರಾದ್ರೂ ಒಬ್ರಿಗೆ ಗೊತ್ತಾಗ್ಬೇಕು ಮರಿ, ಅವ್ನು ಹೋದ ಅಂತ."

"ಕೆಲಸ ಬಿಡ್ತೀರಾ?"

"ನಾನೂ ಬಿಟ್ರೆ ಆ ಮೇಜಲ್ಲಿ ಅವ್ನನ್ನ ಕಂಡೋರು ಯಾರೂ ಉಳಿಯಲ್ವಲ್ಲ."

ಮೂರು ವಾರ ಕಳೆಯಿತು. ಡೋರಾಳ ಕಾಗದಗಳ ರಾಶಿಯಲ್ಲಿ ಒಂದು ನೀಲಿ ಲಕೋಟೆ ಸಿಕ್ಕಿತು. ನೆಲ್ಸನ್‌ನ ಒಂದು ವೃದ್ಧಾಶ್ರಮದಿಂದ ಬಂದದ್ದು, ಕೆಳಗೆ ಏಳು ಹೆಂಗಸರ ಸಹಿ. ಪೂರ್ತಿ ಓದಿದೆ. ಅದನ್ನು ಹಿಡಿದು ಕ್ಯಾಂಟೀನಿಗೆ ಹೋಗಿ ಬೆರಿಲ್ ಮುಂದೆ ಇಟ್ಟೆ. ಅವಳು ಕನ್ನಡಕ ಹುಡುಕುತ್ತಿದ್ದಳು, ನಾನೇ ಓದಿದೆ.

"ಸ್ವಾಮಿ, ನಾವು ಏಳು ಜನ ನಲವತ್ತು ವರ್ಷ ನೇಯ್ಗೆ ಮಾಡಿದವರು. ನಮ್ಮ ಕಿವಿಗಳನ್ನು ಮಗ್ಗಗಳು ತಿಂದುಹಾಕಿವೆ, ಆದರೆ ತುಟಿ ಓದುವುದನ್ನು ಅವೇ ಕಲಿಸಿಕೊಟ್ಟವು. ಟೀವಿಯನ್ನು ದನಿ ಅಡಗಿಸಿಯೇ ನೋಡುತ್ತೇವೆ. ಡೋರಾ ಯಾರಾದರೂ ಆಗಲಿ, ನಮಗೇನೂ ಇಲ್ಲ. ನಮ್ಮ ಕಥೆ ಇರುವುದು ಕಿಟಕಿ ಪಕ್ಕದ ಮೇಜಿನಲ್ಲಿ. ಅಲ್ಲಿ ಆ ಹೆಂಗಸು ಸ್ಟೇಷನ್ನುಗಳ ಹೆಸರು ಹೇಳುತ್ತಾಳೆ. ಆ ಗಂಡಸು ಪ್ರತಿ ಸ್ಟೇಷನ್ನಿಗೂ ಕೇಳುತ್ತಾನೆ, 'ಇಲ್ಲಿ ಇಳಿಯೋಣವಾ?' ಅವಳು ಉತ್ತರವನ್ನೇ ಕೊಡದೆ ಮುಂದಿನ ಸ್ಟೇಷನ್ನಿಗೆ ಹೋಗುತ್ತಾಳೆ. ಅವನು ಬೇಜಾರು ಮಾಡಿಕೊಳ್ಳದೆ ಮತ್ತೆ ಕೇಳುತ್ತಾನೆ. ಎಲ್ಲಿ ಇಳಿಯುತ್ತಾರೋ ಎಂದು ನಾವು ವರ್ಷಗಳಿಂದ ಕಾಯುತ್ತಿದ್ದೇವೆ. ಈಗ ಅವನ ಟೋಪಿಯೊಳಗೆ ಕೂತು ಒಂದು ಎರಡು ಮೂರು ಎಣಿಸುತ್ತಿರುವವನು ಯಾರು? ನಮ್ಮವನು ಎಲ್ಲಿ?"

ನೇಯ್ಗೆಯವರು ತುಟಿ ಓದುತ್ತಾರೆಂದು ನನಗೆ ಗೊತ್ತಿರಲಿಲ್ಲವೇ? ನನ್ನ ಅಜ್ಜಿಯೇ ಬೀದಿಯ ಈಚೆ ನಿಂತು ಆಚೆಯವಳೊಂದಿಗೆ ದನಿಯಿಲ್ಲದೆ ಊರಿನ ಚಾಡಿಯೆಲ್ಲ ಹೇಳುತ್ತಿದ್ದಳು. ಹರ್ಬರ್ಟ್ ಅವಳ ತುಟಿ ಓದುತ್ತಾ ಕೂತಿದ್ದಾನೆಂದು ನನಗೆ ಒಂದು ದಿನವೂ ಹೊಳೆಯಲಿಲ್ಲ. ಅವನ ಮುಖ ನೋಡಬೇಡ ಎಂದವಳು ನಾನು.

"ತಪ್ಪಾಯ್ತು ಬೆರಿಲ್" ಎಂದೆ.

"ಹದಿನೇಳು ವರ್ಷ" ಎಂದಳು ಅವಳು. "ಹದಿನೇಳು ವರ್ಷ ಒಂದು ಹೂಜಿ ನೋಡ್ಕೊಂಡು ಕೂತೆ ನಾನು, ಮಂಕುದಿಣ್ಣೆ. ಬಸ್ ಹತ್ರ ಒಂದ್ಸಲ ಬಾಯ್ಬಿಟ್ಟು ಕೇಳ್ಬಾರ್ದಿತ್ತಾ ಅವ್ನು?"

"ಕೇಳ್ತಿದ್ರಲ್ಲ, ವಾರಕ್ಕೆರಡು ಸಲ."

ಅವಳು ನಕ್ಕಳು, ಹಾಗೆ ನಗುತ್ತಲೇ ಕಣ್ಣು ತುಂಬಿಕೊಂಡಿತು. ಆಮೇಲೆ, "ತೋರ್ಸ್ತೀಯಾ?" ಎಂದು ಕೇಳಿದಳು.

ಟೇಪುಗಳ ಕೋಣೆಯ ಕೀಲಿ ನನ್ನ ಬಳಿ ಇತ್ತು. ಎಂಬತ್ತರ ದಶಕದ ಯಾವುದೋ ಕಂತು ಹಾಕಿ ದನಿ ಅಡಗಿಸಿದೆ. ಮುಂದೆ ಹಳೆಯ ಡೋರಾ ಕೈವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾವು ಅವಳತ್ತ ನೋಡಲಿಲ್ಲ. ಹಿಂದೆ ಕಿಟಕಿಯಲ್ಲಿ ಅದೇ ಏಳೂಕಾಲರ ಬೆಳಕು, ಆ ನಿಂತ ದೋಣಿ, ಕಪ್ಪು ಕೂದಲಿನ ಬೆರಿಲ್, ಟೋಪಿ ಸ್ವಲ್ಪ ಹಿಂದಕ್ಕೆ ತಳ್ಳಿಕೊಂಡ ಹರ್ಬರ್ಟ್. ಅವಳ ತುಟಿ ಆಡಿ ನಿಂತಿತು. ಅವನು ಮುಂದಕ್ಕೆ ಬಾಗಿ ಏನೋ ಕೇಳಿ, ಹುಬ್ಬೆತ್ತಿ ಕಾದ. ಟೇಪಿನ ಬೆರಿಲ್ ಹೂಜಿ ನೋಡುತ್ತಾ ಮುಂದಿನ ಊರಿಗೆ ಹೋದಳು. ಅವನು ತಲೆದೂಗಿ, ಆಯ್ತು ಬಿಡು, ಅಲ್ಲಿಗೇ ಹೋಗೋಣ ಎಂಬಂತೆ ಕೂತ. ನನ್ನ ಪಕ್ಕದ ಬೆರಿಲ್ ಪರದೆಯ ಹತ್ತಿರ ಹತ್ತಿರ ಸರಿದಳು. ಎಷ್ಟು ಕಂತು ನೋಡಿದೆವೋ ಲೆಕ್ಕವಿಲ್ಲ. ಆ ಕೋಣೆಯಲ್ಲಿ ಗಾಡಿ ಓಡುತ್ತಲೇ ಇತ್ತು, ಹೊರಗೆ ಸಮುದ್ರದ ಮರಳು, ನೀರು, ಹಕ್ಕಿಗಳು ಹಾದುಹೋದಂತೆ ನನಗೂ ಕಂಡಿತು.

ಹೊಸ ಡೋರಾಳನ್ನು ಜನ ಒಪ್ಪಲಿಲ್ಲ. ಲಿಂಡನ್ ಧಾರಾವಾಹಿಯನ್ನೇ ಬದಲಿಸಲು ಹೊರಟ. ಹೆಸರು ಹಾಗೇ ಇರುತ್ತದಂತೆ, ಪಬ್ಬು ಮುಚ್ಚಿ ಆ ಜಾಗದಲ್ಲಿ ಆಸ್ಪತ್ರೆ ಬರುತ್ತದಂತೆ, ಬೀದಿಯ ಕಥೆ ಹೋಗಿ ಡಾಕ್ಟರುಗಳ ಕಥೆ ಆಗುತ್ತದಂತೆ. ಹಿನ್ನೆಲೆಯವರಿಗೆಲ್ಲ ಮೇ ತಿಂಗಳ ಕೊನೆಗೆ ವಿದಾಯ. ಕೇಳಿದ ದಿನ ಬೆರಿಲ್ ಮೂಗು ಮುರಿದಳು. "ಆಸ್ಪತ್ರೇಲಿ ಕೂತ್ಕೊಂಡು ಗಾಡಿ ಓಡ್ಸೋಕಾಗಲ್ಲ ಬಿಡು."

ಆಮೇಲೆ, "ಅವರು ಕೊನೆ ಕಂತು ನೋಡ್ತಾರಲ್ವಾ? ಆ ಏಳು ಜನ?" ಎಂದು ಕೇಳಿದಳು.

"ನೋಡ್ದೆ ಬಿಡ್ತಾರಾ?"

ಕಾಗದಕ್ಕೆ ಉತ್ತರ ಬರೆಯಲು ನಾನು ಪೆನ್ನು ತೆಗೆದಿದ್ದೆ. ಅವಳು ಬೇಡವೆಂದಳು.

ಕೊನೆಯ ದಿನ ಪಬ್ಬಿನ ದೀಪಗಳನ್ನೆಲ್ಲ ಹಚ್ಚಿದರು. ಡೋರಾ ಅಳುತ್ತಾ ಗಿರಾಕಿಗಳಿಗೆ ಕೊನೆಯ ಲೋಟ ಹಂಚುವ ದೃಶ್ಯ. ಬೆರಿಲ್ ಲೆಸ್ಲಿಯ ಕಿವಿಯಲ್ಲಿ ಏನೋ ಹೇಳಿದಳು. ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟು, ತಾನು ಎದ್ದು ಗುಂಪಿನೊಳಗೆ ಹೋಗಿ ನಿಂತ. ನಿಯಮದ ಪ್ರಕಾರ ನಾನು ಆಗಲೇ ಕೂಗಬೇಕಿತ್ತು. ಟೋಪಿ, ಲೋಟ ಎಲ್ಲವೂ ಹಿಂದಿನ ಕಂತಿನಂತೆಯೇ ಇವೆಯೇ ಎಂದು ಬರೆದಿಟ್ಟು ನೋಡುವ ಹೆಂಗಸು ನನ್ನ ಮುಖ ನೋಡಿ, ತನ್ನ ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಕ್ಯಾಮೆರಾ ತಿರುಗಿತು. ಬೆರಿಲ್ ಎಂದಿನಂತೆ ಶುರು ಮಾಡಿದಳು, ಬೋಲ್ಟನ್, ಚಾರ್ಲಿ, ಪ್ರೆಸ್ಟನ್. ಅಷ್ಟನ್ನು ನಾನೂ ಓದಬಲ್ಲವಳಾಗಿದ್ದೆ. ಆದರೆ ಅಂದು ಹೂಜಿಯನ್ನು ನೋಡಲಿಲ್ಲ, ಖಾಲಿ ಕುರ್ಚಿಯಲ್ಲಿ ಮುಖವೊಂದು ಇದ್ದಿರಬೇಕಾದ ಕಡೆಗೇ ನೋಡುತ್ತಿದ್ದಳು. ನಡುವೆ ಯಾವುದೋ ಸ್ಟೇಷನ್ನಿಗೆ ಹೆಸರುಗಳನ್ನು ನಿಲ್ಲಿಸಿ ಏನೋ ಹೇಳಿದಳು. ಆಮೇಲೆ ಹಿನ್ನೆಲೆಯವರು ಎಂದೂ ಮಾಡಬಾರದ ಕೆಲಸ ಮಾಡಿದಳು. ತಿರುಗಿ ನೇರ ಕ್ಯಾಮೆರಾದೊಳಗೆ ನೋಡಿ, ನಿಧಾನವಾಗಿ, ಬಿಡಿಸಿ ಬಿಡಿಸಿ ಎರಡು ಮಾತು ಆಡಿದಳು. ದನಿಯಿಲ್ಲ. ನನಗೆ ಅರ್ಥವಾಗಲಿಲ್ಲ. ಮೇಲೆ ಕೂತವರೆಲ್ಲ ಡೋರಾಳ ಕಣ್ಣೀರನ್ನು ನೋಡುತ್ತಿದ್ದರು, ಹಾಗೇ ಪ್ರಸಾರವಾಯಿತು.

ಮರುವಾರ ಸೆಟ್ಟಿನಲ್ಲಿ ಬಡಗಿಗಳು ಪಬ್ಬನ್ನು ಕೀಳುತ್ತಿದ್ದಾಗ ಬೆರಿಲ್ ತನ್ನ ಕುರ್ಚಿಯ ದಿಂಬು ಒಯ್ಯಲು ಬಂದಿದ್ದಳು. ಆ ಬೆಳಿಗ್ಗೆಯೇ ಬಂದಿದ್ದ ಒಂದು ಅಂಚೆ ಕಾರ್ಡನ್ನು ಅವಳ ಕೈಗೆ ಕೊಟ್ಟೆ. ಮುಂಭಾಗದಲ್ಲಿ ಕೊಲ್ಲಿಯ ಚಿತ್ರ. ಹಿಂದೆ ಅದೇ ನೀಲಿ ಶಾಯಿ, ಏಳು ಸಹಿ.

"ಕಿಟಕಿ ಮೇಜಿನವರೇ, ನೀವು ಹೇಳಿದ್ದು ನಮಗೆ ತಲುಪಿತು. ಅವರ ಹೆಸರು ಹರ್ಬರ್ಟ್ ಎಂದೂ ಈ ವಸಂತದಲ್ಲಿ ತೀರಿಕೊಂಡರೆಂದೂ ತಿಳಿಯಿತು. ಭಾನುವಾರ ಚರ್ಚಿನಲ್ಲಿ ಅವರ ಹೆಸರು ಹೇಳಿಸಿದೆವು, ಊರಿನ ನೇಯ್ಗೆಯವರೆಲ್ಲ ಬಂದಿದ್ದರು. ಕೊನೆಗೂ ಉತ್ತರ ಕೊಟ್ಟಿರಲ್ಲ, ನಮಗೆ ನಿದ್ದೆ ಬಂತು. ಸಿಲ್ವರ್‌ಡೇಲ್ ಒಳ್ಳೆಯ ಜಾಗ. ನಾವಾಗಿದ್ದರೂ ಅಲ್ಲೇ ಇಳಿಯುತ್ತಿದ್ದೆವು."

ಬೆರಿಲ್ ಅದನ್ನು ಎರಡು ಸಲ ಓದಿದಳು. ಆಮೇಲೆ ನನ್ನತ್ತ ತಿರುಗಿ ದನಿಯಿಲ್ಲದೆ ಏನೋ ಹೇಳಿ, ದಿಂಬನ್ನು ಕಂಕುಳಲ್ಲಿಟ್ಟುಕೊಂಡು ರೈಲು ಸ್ಟೇಷನ್ನಿನ ಕಡೆಗೆ ಹೊರಟಳು. ಅವಳ ಬಸ್ಸು ನಿಲ್ಲುವುದು ಆ ಕಡೆಯಲ್ಲ.