ಉಪ್ಪು ನೀರು ಕುಡಿದ ಮೈದಾನ

ಮೊನ್ನೆ ಶುಕ್ರವಾರ ಮಧ್ಯಾಹ್ನ ಸಾರಿಗೆ ಉಪ್ಪು ಜಾಸ್ತಿ ಬಿತ್ತು. ಹಾಕಿದವನು ನಾನೇ. "ಇನ್ನೊಂದು ಲೋಟ ನೀರು ಹೊಯ್ಯಿರಿ, ಸರಿಹೋಗ್ತದೆ" ಎಂದಳು ಹೆಂಡತಿ. ಸಾರಾದರೆ ಸರಿಹೋಗುತ್ತದೆ ಮಾರಾಯ್ರೆ, ಫುಟ್‌ಬಾಲ್ ಮೈದಾನಕ್ಕೆ ಉಪ್ಪು ಜಾಸ್ತಿಯಾದರೆ? ನಗಬೇಡಿ, ಆ ಅಡುಗೆಯನ್ನೂ ನಾನು ಮಾಡಿದ್ದೇನೆ.

ಬಹರೈನಿಗೆ ಬಂದ ಹೊಸತು. ಮನಾಮಾದ ಒಂದು ಕಾಲೇಜಿನಲ್ಲಿ ನಾನು ಮೇಂಟೆನೆನ್ಸ್ ಸೂಪರ್‌ವೈಸರ್. ಹೆಸರಷ್ಟೇ ದೊಡ್ಡದು, ಸೋರುವ ನಲ್ಲಿ, ಕಿತ್ತುಹೋದ ಚಿಲಕ, ಮುನಿಸಿಕೊಂಡ ಏಸಿ, ಇವೇ ನನ್ನ ಸಾಮ್ರಾಜ್ಯ. ಕಾಲೇಜಿನ ಹಿಂದೆ ಮೈದಾನ ಅಂತ ಒಂದಿತ್ತು. ಬರೀ ಮರಳು. ಬೆಳಿಗ್ಗೆ ಎಳೆದ ಸುಣ್ಣದ ಗೆರೆ ಮಧ್ಯಾಹ್ನದ ಗಾಳಿಗೆ ಮಾಯ. ಆಮೇಲೆ ಚೆಂಡು ಹೊರಗೆ ಹೋಯಿತೋ ಇಲ್ಲವೋ ಎಂದು ತೀರ್ಮಾನಿಸುವುದು ಯಾರ ಗಂಟಲು ಜೋರೋ ಅವರು. ನೋಡಲು ಬಂದವರಿಗೆ ಕಾಂಪೌಂಡ್ ಗೋಡೆಯೇ ಗ್ಯಾಲರಿ.

ಅದನ್ನು ನೋಡಿಕೊಳ್ಳುತ್ತಿದ್ದವರು ಅಬು ಹಸನ್, ಇಲ್ಲಿಯವರೇ. ಅಪ್ಪ ಅಜ್ಜ ಎಲ್ಲ ಖರ್ಜೂರದ ತೋಟದವರು. ಅವರ ಹಿಂದಿ ನನ್ನ ಹಿಂದಿಗಿಂತ ಎಷ್ಟೋ ವಾಸಿ. ಆ ಮರಳಿನಲ್ಲಿ ಹುಲ್ಲು ಬೆಳೆಸಬೇಕೆಂಬುದು ಅವರ ಒಂದೇ ಹಟ. ವರ್ಷಗಟ್ಟಲೆ ಆಫೀಸಿನ ಬಾಗಿಲು ಬಡಿದು, ಕೊನೆಗೂ ಒಪ್ಪಿಸಿದರು. ಮಣ್ಣು ಬಂತು, ಪೈಪು ಬಂತು, ಹುಲ್ಲೂ ಬಂತು. ಉದ್ಘಾಟನೆಯ ಪಂದ್ಯಕ್ಕೆ ದಿನ ಗೊತ್ತಾಯಿತು. ಅದೇ ತಿಂಗಳು ನನ್ನ ಹೆಂಡತಿಯ ವೀಸಾ ಕೂಡ ಆಗುವುದಿತ್ತು. ಗುದೈಬಿಯಾದಲ್ಲಿ ಒಂದು ಕೋಣೆಯ ಫ್ಲ್ಯಾಟ್ ಹಿಡಿದು, ಪರದೆಗೆ ಯಾವ ಬಣ್ಣ ಅಂತ ಫೋನಿನಲ್ಲಿ ಜಗಳವೂ ಶುರುವಾಗಿತ್ತು.

ಅಷ್ಟರಲ್ಲಿ ಅಬು ಹಸನ್ ಮಗಳ ಮದುವೆಗೆಂದು ಎರಡು ವಾರ ರಜೆ ಹಾಕಿದರು. ಹೋಗುವಾಗ ಹೇಳಿದ್ದು ಒಂದೇ ಮಾತು: "ಹುಲ್ಲಿಗೆ ಟ್ಯಾಂಕರಿನ ಸಿಹಿ ನೀರು ಮಾತ್ರ. ಬಾವಿಯ ವಾಲ್ವ್ ಮುಟ್ಟಬೇಡ."

ಮೂರನೇ ದಿನಕ್ಕೆ ಟ್ಯಾಂಕರ್ ಕೈಕೊಟ್ಟಿತು. ಬಾವಿ ನೀರನ್ನು ನಾಲಿಗೆಗೆ ಹಚ್ಚಿ ನೋಡಿದೆ, ಸ್ವಲ್ಪ ಉಪ್ಪು. ನಾನು ಕರಾವಳಿಯವನು ಸ್ವಾಮಿ! ನಮ್ಮಲ್ಲಿ ತೆಂಗಿನ ಬುಡಕ್ಕೆ ಉಪ್ಪನ್ನು ನಾವೇ ಹೊತ್ತುತಂದು ಹಾಕುತ್ತೇವೆ, ಕಾಯಿ ಚೆನ್ನಾಗಿ ಹಿಡಿಯಲಿ ಅಂತ. ಅಷ್ಟು ಎತ್ತರದ ಮರಕ್ಕೆ ಆಗುವುದು ಬೆರಳುದ್ದದ ಹುಲ್ಲಿಗೆ ಆಗದೇ? ಘನ ಪಂಡಿತನ ಹಾಗೆ ವಾಲ್ವ್ ತಿರುಗಿಸಿದೆ. ಟ್ಯಾಂಕರ್ ಮತ್ತೆ ಬರುವವರೆಗೂ ತಿರುಗಿಸುತ್ತಲೇ ಇದ್ದೆ.

ಅಬು ಹಸನ್ ವಾಪಸು ಬಂದಾಗ ಹುಲ್ಲು ಒಣ ಚಾಪೆಯ ಬಣ್ಣಕ್ಕೆ ತಿರುಗಿತ್ತು. ಅವರು ಕೂತು, ಒಂದು ಎಸಳು ಕಿತ್ತು, ಬಾಯಿಗಿಟ್ಟು ಉಗಿದರು. ನನ್ನ ಮುಖ ನೋಡಿದರು. ಎಲ್ಲ ಗೊತ್ತಾಯಿತು. ನಾನು ತೆಂಗಿನಮರದ ಕಥೆ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮ್ಯಾನೇಜರ್ ಇಬ್ಬರನ್ನೂ ಕರೆಸಿದರು. ನಾನು ಬಾಯಿ ತೆರೆಯುವ ಮೊದಲೇ ಅಬು ಹಸನ್, "ರಜೆಗೆ ಹೋಗುವಾಗ ಬಾವಿಯ ವಾಲ್ವ್ ನಾನೇ ತೆರೆದಿಟ್ಟು ಹೋದೆ. ಮರೆವು" ಎಂದರು. ಹೊರಗೆ ಬಂದ ಮೇಲೆ ನನ್ನ ಕಿವಿಯ ಹತ್ತಿರ, "ನನಗಾದರೆ ಬೈಯುತ್ತಾರೆ. ನಿನ್ನನ್ನು ವಿಮಾನ ಹತ್ತಿಸುತ್ತಾರೆ. ನಿನ್ನ ಹೆಂಡತಿ ಬರಲಿ" ಎಂದರು.

ಬರೀ ಬೈಗುಳದಲ್ಲಿ ಮುಗಿಯಲಿಲ್ಲ. ಪಂದ್ಯ ಮುಂದಕ್ಕೆ ಹೋಯಿತು. ಅವರನ್ನು ಮೈದಾನದಿಂದ ತೆಗೆದು ಸ್ಟೋರ್‌ರೂಮಿಗೆ ಹಾಕಿದರು. ಮೈದಾನ ನನ್ನ ಕೈಗೆ ಬಂತು! ಸಂಜೆ ಸಂಜೆ ಸ್ಟೋರಿನ ಕಿಟಕಿಯಿಂದ ಅವರು ಕೂಗುವುದು, ಇಲ್ಲಿ ನಾನು ಮಾಡುವುದು. "ಇವತ್ತು ಜಾಸ್ತಿ ನೀರು ಬಿಡು, ಉಪ್ಪು ಕೆಳಗಿಳಿಯಲಿ." "ಆ ಮೂಲೆಗೆ ಹೊಸ ಹುಲ್ಲು ಹಾಕು." ಹುಲ್ಲು ಚಿಗುರಿತು. ಹೆಂಡತಿ ಬಂದಳು. ನಾನು ಮಾತ್ರ ಬಾಯಿಗೆ ಬೀಗ ಹಾಕಿಕೊಂಡೆ. ಮೊದಲು ಹೆದರಿಕೆ, ಆಮೇಲೆ ನಾಚಿಕೆ, ಕೊನೆಗೆ ಬರೀ ಅಭ್ಯಾಸ. ನಾಲ್ಕು ಮೆಟ್ಟಿಲ ಗ್ಯಾಲರಿ ಎದ್ದಿತು, ಅದರ ಮೇಲೆ ನೆರಳಿನ ಚಾವಣಿ, ನಾಲ್ಕು ಮೂಲೆಗೆ ದೀಪದ ಕಂಬ. ಮೈದಾನ ಅನ್ನುತ್ತಿದ್ದ ಮಕ್ಕಳು ಸ್ಟೇಡಿಯಂ ಅನ್ನತೊಡಗಿದರು. ನಾವು ಗುದೈಬಿಯಾ ಬಿಟ್ಟು ಗುಫೂಲ್‌ಗೆ ಬಂದೆವು. ಮಗಳು ಹುಟ್ಟಿದಳು. ಅಬು ಹಸನ್ ಸ್ಟೋರಿನಿಂದಲೇ ರಿಟೈರ್ ಆದರು.

ಮೊನ್ನೆ, ಆ ಉಪ್ಪು ಸಾರಿನ ಸಂಜೆಯೇ, ಗ್ಯಾಲರಿಯ ಹೊಸ ಭಾಗದ ಉದ್ಘಾಟನೆ. ಹುಲ್ಲು ಬೆಳೆಸಿದವನೆಂದು ನನಗೆ ಶಾಲು. ಮುಂದಿನ ಸಾಲಿನಲ್ಲಿ ಊರುಗೋಲು ಹಿಡಿದು ಕೂತಿದ್ದರು ಅಬು ಹಸನ್. ಶಾಲು ಹೆಗಲಿಗೆ ಬಿದ್ದದ್ದೇ ತಡ, ಇನ್ನು ತಡೆಯಲಾಗಲಿಲ್ಲ. ಮೈಕ್ ಹಿಡಿದು ನನ್ನ ಹರಕು ಹಿಂದಿಯಲ್ಲೇ ಹೇಳಿಬಿಟ್ಟೆ: "ಈ ಹುಲ್ಲು ಬೆಳೆಸಿದ್ದು ಅವರು. ಮೊದಲ ಸಲ ಕೊಂದದ್ದು ನಾನು. ತಪ್ಪು ಹೊತ್ತುಕೊಂಡದ್ದೂ ಅವರೇ."

ಅಬು ಹಸನ್ ಊರುಗೋಲು ಎತ್ತಿ, "ಇಷ್ಟು ವರ್ಷ ಜೋಪಾನ ಮಾಡಿದ ಸುಳ್ಳನ್ನು ಒಂದು ನಿಮಿಷದಲ್ಲಿ ಹಾಳು ಮಾಡಿದೆಯಲ್ಲೋ ಹುಚ್ಚಾ!" ಎಂದು ಗದರಿದರು. ಎಲ್ಲರೂ ಗೊಳ್ಳೆಂದು ನಕ್ಕರು, ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗಲ್ಲ, ಅವರಿಗೆ. ನಾನು ವೇದಿಕೆ ಇಳಿದು, ಗ್ಯಾಲರಿಯ ಮೆಟ್ಟಿಲು ಹತ್ತಿ ಶಾಲನ್ನು ಅವರಿಗೆ ಹೊದಿಸಿದೆ. ಕಣ್ಣು ತುಂಬಿತ್ತು, ಸುಳ್ಳೇಕೆ ಹೇಳಲಿ.

ಹೆಂಡತಿ, ಮಗಳು ಹತ್ತಿರ ಬಂದರು. ನನ್ನ ಹೆಗಲು ಮೀರಿ ಬೆಳೆದ ಹುಡುಗಿಯನ್ನು ಅಬು ಹಸನ್ ಮೇಲಿನಿಂದ ಕೆಳಗೆ ನೋಡಿ, ತಲೆಯ ಮೇಲೆ ಕೈಯಿಟ್ಟರು.

"ಮಾಶಾಅಲ್ಲಾಹ್! ನನ್ನ ಸುಳ್ಳು ಇಷ್ಟೆತ್ತರ ಬೆಳೆದಿದೆಯಾ?"

ಮಗಳಿಗೆ ಹಿಂದಿ ಅಷ್ಟಕ್ಕಷ್ಟೆ. "ಏನಂದ್ರು ಪಪ್ಪಾ?" ಎಂದು ತೋಳು ಜಗ್ಗಿದಳು.

"ಮೊದಲು ಅಜ್ಜನ ಕೈ ಹಿಡ್ಕೋ, ಮೆಟ್ಟಿಲು ಇಳಿಸು. ಎಲ್ಲ ಹೇಳ್ತೇನೆ" ಎಂದೆ.