ಬೆಲ್ಲ ನೀರು ಕೊಟ್ಟು ಆಡಿದ ಮಾತು

ರುಕ್ಕಿ, ಹರಿಹರದವರ ಮುಂದೆ ಆ ಮಾತನ್ನಾಡಿ ನಿನ್ನ ಮದುವೆ ತಪ್ಪಿಸಿದವಳು ಹುಸೇನಬಿ ಅಲ್ಲ. ನಾನು. ನಿನ್ನ ಕಮಲಕ್ಕ.

ಇಷ್ಟನ್ನು ಹೇಳುವುದಕ್ಕೆ ನನ್ನ ಮಗಳು ಬೆಳೆದು ಮದುವೆಗೆ ಬರುವಷ್ಟು ಕಾಲ ಬೇಕಾಯಿತು. ಈಗಲೂ ಮನಸ್ಸು ಕರಗಿ ಹೇಳುತ್ತಿದ್ದೇನೆ ಎಂದು ತಿಳಿಯಬೇಡ. ನಿನ್ನ ಮೇಲೆ ನನಗೆ ಆಗಲೂ ಸಿಟ್ಟಿತ್ತು, ಈಗಲೂ ಇದೆ. ನನ್ನ ಮೇಲಿನ ಸಿಟ್ಟು ಅದಕ್ಕಿಂತ ಹೆಚ್ಚಾಗಿದೆ — ಅಷ್ಟೇ ಆಗಿರುವ ಬದಲಾವಣೆ.

ಮಿಲ್ಲಿನ ಹಿಂದಿನ ನಮ್ಮ ವಠಾರದ ಆ ದಿನಗಳು ನೆನಪಿವೆಯಲ್ಲ. ಅಷ್ಟೂ ಮನೆಗೆ ಸೇರಿ ಒಂದೇ ನಲ್ಲಿ. ಬೆಳಗ್ಗೆ ಮಿಲ್ಲು ಕೂಗುವುದರೊಳಗೆ ನೀರು ಹಿಡಿದು, ರೊಟ್ಟಿ ಬಡಿದು, ನನ್ನ ಗಂಡನಿಗೆ ಬುತ್ತಿ ಕಟ್ಟಿ ಕಳಿಸಬೇಕು. ನನ್ನ ಅತ್ತೆ ಒಲೆಯ ಪಕ್ಕದಲ್ಲೇ ಗೋಡೆಗೆ ಒರಗಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ನೀನು ಬರುತ್ತಿದ್ದೆ. ಪಕ್ಕದ ಮನೆಯ ಮದುವೆಯಾಗದ ಹುಡುಗಿ, ನನಗಿಂತ ನಾಲ್ಕಾರು ವರ್ಷ ಚಿಕ್ಕವಳು, ಬಾಗಿಲಲ್ಲಿ ನಿಂತು ಕರೆಯುವ ಅಭ್ಯಾಸವೇ ಇಲ್ಲ. ಸೀದಾ ಒಳಗೆ ಬಂದು ನನ್ನ ಪಾತ್ರೆಯ ಮುಚ್ಚಳ ತೆಗೆದು, "ಕಮಲಕ್ಕಾ, ಸಾರಿಗೆ ಉಪ್ಪು ಕಮ್ಮಿ ಐತೆ ನೋಡು" ಎಂದು ನೀನೇ ಒಂದು ಚಿಟಿಕೆ ಹಾಕಿ ಹೋಗುತ್ತಿದ್ದೆ. ನೀನು ಹೊಸಿಲು ದಾಟುವುದೇ ತಡ, ಅತ್ತೆ ಶುರು ಮಾಡುತ್ತಿದ್ದಳು. "ಆ ಹುಡುಗಿ ರೊಟ್ಟಿ ನೋಡು, ಹೆಂಗೆ ಉಬ್ತಾವೆ. ನಿನ್ನವು ಚಪ್ಪಡಿ."

ಎಲ್ಲರೂ ನಮ್ಮನ್ನು ಗೆಳತಿಯರು ಅನ್ನುತ್ತಿದ್ದರು. ಅದೂ ಸುಳ್ಳಲ್ಲ. ನನಗೆ ಬಾಣಂತನದಲ್ಲಿ ಜ್ವರ ಬಂದಾಗ ನನ್ನ ಮಗಳು ಸರೋಜಳನ್ನು ಎತ್ತಿ ಆಡಿಸಿದವಳು ನೀನು. ಆದರೆ ದಿನಾ ಹೋಲಿಸಿ ಬೈಸಿಕೊಂಡವಳಿಗೆ ಉಪಕಾರವೂ ಚುಚ್ಚುತ್ತದೆ. ನೀನು ಒಳ್ಳೆಯವಳಾಗಿದ್ದಷ್ಟೂ ನನಗೆ — ಹೋಗಲಿ, ಅದನ್ನು ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಆ ಬೇಸಿಗೆಯಲ್ಲಿ ನನ್ನ ತವರಿನಿಂದ ತಂದಿದ್ದ ಶಾವಿಗೆ ಮಣೆಯನ್ನು ನೀನು ಕೇಳಿ ಒಯ್ದೆ. ಅವ್ವ ಕೊಟ್ಟದ್ದು ಅದು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದೇ ಅದೊಂದು. ವಾಪಸು ಬಂದಾಗ ನಡುವೆ ಉದ್ದಕ್ಕೆ ಸೀಳಿತ್ತು. ನೀನು ಅದನ್ನು ಗೋಡೆಗೆ ಒರಗಿಸಿ, ಸೀಳನ್ನು ಒಳಮುಖ ಮಾಡಿ, ಮಾತಾಡದೆ ಹೋಗಿಬಿಟ್ಟಿದ್ದೆ. ಸೀಳಿತು ಅಂತ ಒಂದು ಮಾತು ಹೇಳಿದ್ದರೆ ನಾನೇನು ನಿನ್ನನ್ನು ಕೊಲ್ಲುತ್ತಿದ್ದೆನೇ? ಹೇಳಲಿಲ್ಲ. ನಾನೂ ಕೇಳಲಿಲ್ಲ. ನಲ್ಲಿಯ ಹತ್ತಿರ ಸಿಕ್ಕಾಗ ಮುಖ ತಿರುಗಿಸಿಕೊಂಡು ಕೊಡ ತುಂಬಿದೆ. ಅದೇ ವಾರ ಹರಿಹರದವರು ಬಂದರು.

ನಿನ್ನನ್ನು ನೋಡಿ ಒಪ್ಪಿ ಹೋಗಿದ್ದರು. ಆಮೇಲೆ ಗಂಡಿನ ಕಡೆಯವರು ಇನ್ನೊಮ್ಮೆ ಬರುತ್ತಾರಲ್ಲ, ಹೆಣ್ಣಿನ ಮನೆಗಲ್ಲ, ಅಕ್ಕಪಕ್ಕದವರ ಮನೆಗೆ, ನೀರು ಕುಡಿಯುವ ನೆಪ ಮಾಡಿಕೊಂಡು — ಹಾಗೆ ಬಂದದ್ದು. ಅಂಥ ಸಮಯದಲ್ಲಿ ಎಷ್ಟೇ ಜಗಳವಿರಲಿ, ಹೆಣ್ಣಿನ ವಿಷಯದಲ್ಲಿ ಒಳ್ಳೆಯ ಮಾತನ್ನೇ ಆಡಬೇಕು. ನಮ್ಮ ವಠಾರದಲ್ಲಿ ನಲ್ಲಿಗಾಗಿ ಜುಟ್ಟು ಹಿಡಿದುಕೊಂಡವರೂ ಆ ಒಂದು ನಿಯಮ ಮೀರಿದವರಲ್ಲ. ಬಂದವರು ಹುಡುಗನ ಸೋದರತ್ತೆ ಮತ್ತು ಒಬ್ಬ ಹಿರಿಯರು. ಮೊದಲು ಕೂತದ್ದು ಹುಸೇನಬಿಯ ಕಟ್ಟೆಯ ಮೇಲೆ, ವಠಾರದ ಬಾಯಲ್ಲಿ ಅವಳದೇ ಮನೆ. ಅವಳ ಗಂಡ ಮಂಡಕ್ಕಿ ಭಟ್ಟಿ ನಡೆಸುತ್ತಿದ್ದ. ಅವಳು ಬಿಸಿ ಮಂಡಕ್ಕಿ ತಂದಿಟ್ಟು ಬಹಳ ಹೊತ್ತು ಮಾತಾಡಿದಳು, ವಠಾರವೆಲ್ಲ ನೋಡಿತು. ಆಮೇಲೆ ಹಿರಿಯರು ಬೀಡಿ ಸೇದಲು ಬೀದಿಗೆ ಹೋದರು. ಆ ಹೆಂಗಸು ಒಬ್ಬಳೇ ಹಿತ್ತಲ ದಾರಿಯಲ್ಲಿ ನನ್ನ ಮನೆಗೆ ಬಂದದ್ದನ್ನು ಯಾರೂ ನೋಡಲಿಲ್ಲ. ಮಧ್ಯಾಹ್ನ, ಎಲ್ಲರೂ ಉಂಡು ಮಲಗುವ ಹೊತ್ತು. ನನ್ನ ಅತ್ತೆ ಮಠಕ್ಕೆ ಹೋಗಿದ್ದಳು.

ಬೆಲ್ಲ ನೀರು ಕೊಟ್ಟೆ. ಚಾಪೆ ಹಾಸಿದೆ. ಆಕೆ ಒಳ್ಳೆಯವಳು, ರುಕ್ಕಿ. ಬೆಲ್ಲ ಬಾಯಿಗೆ ಹಾಕಿಕೊಂಡು ನಗುನಗುತ್ತಾ ತಮ್ಮ ಹುಡುಗನ ಸುದ್ದಿ ತೆಗೆದಳು. "ಕಾರ್ಖಾನಿ ಕೆಲಸ ಅವ್ವಾ. ಅವರೇ ಮನಿ ಕೊಟ್ಟಾರೆ. ಮನಿ ಒಳಗೇ ನಲ್ಲಿ ಐತೆ. ಅವರವ್ವ ತೀರಿಕೊಂಡು ಬಾಳ ವರ್ಷ ಆತು, ಬಂದಾಕಿದೇ ಯಜಮಾನಿಕೆ."

ಮನೆ ಒಳಗೇ ನಲ್ಲಿ. ಅತ್ತೆ ಇಲ್ಲ.

ಇಷ್ಟು ವರ್ಷ ನಾನು ನನಗೇ ಹೇಳಿಕೊಂಡದ್ದು ಶಾವಿಗೆ ಮಣೆಯ ಸಿಟ್ಟಿಗೆ ಆಡಿದೆ ಅಂತ. ಅಲ್ಲ. ಮಣೆ ಸೀಳದಿದ್ದರೂ ಆಡುತ್ತಿದ್ದೆ. ನೀನು ನಿನ್ನದೇ ಒಲೆಯ ಮುಂದೆ ಯಾರ ಮಾತೂ ಕೇಳದೆ ರೊಟ್ಟಿ ಬಡಿಯುತ್ತೀಯ, ನಾನು ಇಲ್ಲೇ ಕೊಡ ಹಿಡಿದು ಸರದಿಯಲ್ಲಿ ನಿಂತಿರುತ್ತೇನೆ — ಅದು ನನ್ನ ಹೊಟ್ಟೆಗೆ ಬೆಂಕಿ ಹಾಕಿತು. ಬರೀ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಲ್ಲ.

ಆಕೆ ಕೇಳಿದಳು, "ಹುಡುಗಿ ಹೆಂಗವ್ವಾ? ನೀನು ಬಗಲ ಮನಿಯಾಕಿ, ನಿನಗ ಗೊತ್ತಿರತೈತೆ."

ನಾನು ಸರೋಜಳನ್ನು ತೊಡೆಯ ಮೇಲೆ ಎಳೆದುಕೊಂಡೆ. ತಲೆ ಬಗ್ಗಿಸಿದೆ. "ನನ್ನ ಬಾಯಿಂದ ಯಾಕ ಹೇಳಿಸ್ತೀರಿ, ಬಿಡ್ರಿ. ನನಗೂ ಒಂದು ಹೆಣ್ಣು ಐತೆ" ಅಂದೆ.

ಇಷ್ಟೇ ನಾನು ಆಡಿದ್ದು. ನಿನಗೆ ಒಂದು ಕೆಟ್ಟ ಹೆಸರನ್ನೂ ಇಡಲಿಲ್ಲ, ಒಂದು ಸುಳ್ಳನ್ನೂ ಹೇಳಲಿಲ್ಲ. ಉಳಿದದ್ದನ್ನೆಲ್ಲ ಆಕೆಯೇ ಕಲ್ಪಿಸಿಕೊಳ್ಳಲಿ ಅಂತ ಬಿಟ್ಟೆ, ಅಷ್ಟು ಜಾಣೆ ನಾನು. ಆಕೆ ನನ್ನ ಮುಖ ನೋಡಿದಳು. ಅರ್ಧ ಕುಡಿದಿದ್ದ ತಂಬಿಗೆಯನ್ನು ನೆಲಕ್ಕಿಟ್ಟು, "ಆತವ್ವಾ, ದೊಡ್ಡ ಉಪಕಾರ ಮಾಡಿದಿ" ಎಂದು ಎದ್ದು ಹೋದಳು.

ಹರಿಹರದಿಂದ ಮತ್ತೆ ಸುದ್ದಿ ಬರಲಿಲ್ಲ. ನಿಮ್ಮಪ್ಪ ಹೋಗಿ ಕೇಳಿದಾಗ ಅವರು ಮೊದಲು ಏನೇನೋ ನೆಪ ಹೇಳಿದರು, ಕೊನೆಗೆ, "ನಿಮ್ಮ ವಠಾರದವರೇ ಹೇಳಿದರು" ಅಂದುಬಿಟ್ಟರು. ನಿಮ್ಮವ್ವ ನಲ್ಲಿಯ ಹತ್ತಿರ ನಿಂತು ಹಿಡಿ ಮಣ್ಣು ತೂರಿ ಶಾಪ ಹಾಕಿದ ಬೆಳಗ್ಗೆ ನಾನೂ ಅಲ್ಲೇ ಇದ್ದೆ. ನನ್ನ ಕೊಡ ತುಂಬಿ ಹೊರಗೆ ಚೆಲ್ಲುತ್ತಿತ್ತು. ನೀನು ಅತ್ತೂ ಅತ್ತೂ ಊದಿದ ಕಣ್ಣಲ್ಲಿ ನನ್ನ ಹತ್ತಿರ ಬಂದೆ. ಮಣೆಯ ಜಗಳವನ್ನೂ ಮರೆತು ಬಂದೆ. "ಕಮಲಕ್ಕಾ, ಹುಸೇನಬೀನೇ ಅಲ್ಲೇನು ಹೇಳಿದ್ದು?"

ಆಗಲಾದರೂ — ಒಂದು 'ಅಲ್ಲ' ಸಾಕಿತ್ತು. ನಾನು ಹೇಳಿದ್ದು, "ನಾ ಏನು ಕಂಡೀನವ್ವಾ. ಅವರು ಕೂತಿದ್ದಂತೂ ಅಲ್ಲೇ."

ಅದೂ ನಿಜವೇ, ನೋಡು. ನನ್ನ ಪಾಪಗಳೆಲ್ಲ ಹೀಗೆ ನಿಜದ ಸೆರಗು ಹೊದ್ದುಕೊಂಡವು. ಹುಸೇನಬಿಯ ಮೇಲೆ ಹಾಕುವುದು ಸುಲಭವಾಗಿತ್ತು. ಯಾಕೆ ಸುಲಭವಾಗಿತ್ತು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಇಡೀ ವಠಾರದಲ್ಲಿ ಅದೊಂದೇ ಮುಸಲ್ಮಾನರ ಮನೆ. ಹಬ್ಬಕ್ಕೆ ನಾವು ಕೊಟ್ಟ ಹೋಳಿಗೆಯನ್ನು ಅವಳು ತಿಂದು, ಅವಳು ಕೊಟ್ಟ ಮಂಡಕ್ಕಿಯನ್ನು ನಾವು ತಿಂದು ಎಷ್ಟೋ ವರ್ಷ ಆಗಿತ್ತು. ಆದರೂ ಒಬ್ಬಳಾದರೂ "ಆಕೆ ಹಂಗ ಮಾಡಾಕಿ ಅಲ್ಲ" ಅನ್ನಲಿಲ್ಲ. ಮಾರನೆಯ ದಿನದಿಂದ ನಲ್ಲಿಯ ಸರದಿಯಲ್ಲಿ ಅವಳ ಕೊಡವನ್ನು ಯಾರೋ ಕಾಲಿನಿಂದ ಹಿಂದಕ್ಕೆ ಸರಿಸಲು ಶುರು ಮಾಡಿದರು. ಒಂದು ಬೆಳಗ್ಗೆ ಸರಿಸಿದ್ದು ನನ್ನ ಕಾಲು.

ಹುಸೇನಬಿ ಮನೆ ಖಾಲಿ ಮಾಡಿ ಹರಿಹರಕ್ಕೆ ಹೋಗುವ ದಿನ ನನ್ನ ಬಾಗಿಲಿಗೆ ಬಂದಳು. ಒಳಗೆ ಕಾಲಿಡಲಿಲ್ಲ. "ಕಮಲಾ, ಆ ಮಧ್ಯಾಹ್ನ ನಾನು ಹಿತ್ತಲಾಗೇ ಇದ್ದೆ. ಭಟ್ಟಿಗೆ ಹಾಕೋ ಅಕ್ಕಿ ಒಣಗಿಸ್ತಿದ್ದೆ" ಅಂದಳು. ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ; ಇವಳು ನೋಡಿದ್ದಳು. ಅವಳು ಕೂಗಾಡಲಿಲ್ಲ. "ನಾ ಹೇಳಿದ್ರೆ ಯಾರು ನಂಬ್ತಾರೆ? ನೀನೇ ಹೇಳು. ಇವತ್ತಲ್ಲ ನಾಳೆ ಹೇಳು." ನನ್ನ ಉತ್ತರಕ್ಕೂ ಕಾಯದೆ ಹೋದಳು. ಅವಳು ಹೋದದ್ದಕ್ಕೆ ನನಗೆ ನೆಮ್ಮದಿಯಾಯಿತು, ರುಕ್ಕಿ. ಆ ದಿನ ನಾನು ಹೊಟ್ಟೆ ತುಂಬಾ ಉಂಡೆ.

ಆಮೇಲೆ ನಿನ್ನನ್ನು ಎರಡನೆಯ ಸಂಬಂಧಕ್ಕೆ ಕೊಟ್ಟರು. ಇದೇ ಊರಿನ ಪಿ.ಜೆ. ಬಡಾವಣೆಯ ದೊಡ್ಡ ಮನೆ. ಹೆಂಡತಿ ಸತ್ತ ಗಂಡಸು, ಅವನ ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ದಿನವಿಡೀ ಆರದ ಒಲೆ. ನೀನು ತಿಂಗಳಿಗೊಮ್ಮೆ ನನ್ನ ಹತ್ತಿರ ಬಂದು ಅತ್ತು, ಕೊನೆಗೆ ಹುಸೇನಬಿಯನ್ನು ಶಪಿಸಿ, ಮುಖ ತೊಳೆದುಕೊಂಡು ಹೋಗುತ್ತೀಯ. "ನೀ ಒಬ್ಬಾಕಿ ನನಗೆ ಒಳ್ಳೇದು ಬಯಸಿದಾಕಿ" ಅನ್ನುತ್ತೀಯ. ಹಾಗೆ ಅಂದಾಗಲೆಲ್ಲ ನನಗೆ ನಿನ್ನ ಬಾಯಿಗೆ ಬಡಿಯಬೇಕು ಅನ್ನಿಸುತ್ತದೆ. ನೀನು ಇಷ್ಟು ಪೆದ್ದಿಯಾಗಿರದಿದ್ದರೆ, ಒಂದೇ ಒಂದು ಸಲ ನನ್ನ ಮೇಲೆ ಸಂಶಯಪಟ್ಟಿದ್ದರೆ — ಛೆ, ಇದನ್ನೂ ನಿನ್ನ ಮೇಲೇ ಹಾಕಲು ಹೊರಟಿದ್ದೇನೆ.

ಹೋದ ತಿಂಗಳು ನಾವಿಬ್ಬರೂ ಹರಿಹರಕ್ಕೆ ಹೋಗಿದ್ದೆವಲ್ಲ. ಹೊಳೆಯಲ್ಲಿ ಕಾಲು ತೊಳೆದು, ದೇವರಿಗೆ ಕಾಯಿ ಒಡೆಸಿ ಬಸ್ಸಿಗೆ ಬರುವಾಗ ದಾರಿ ಬದಿಯಲ್ಲಿ ಮಂಡಕ್ಕಿ ಚೀಲದ ಹಿಂದೆ ಹುಸೇನಬಿ ಕೂತಿದ್ದಳು. ತಲೆ ಪೂರಾ ಬೆಳ್ಳಗಾಗಿತ್ತು. ನಿನ್ನನ್ನು ಕಂಡವಳೇ ಎದ್ದು ನಿಂತು, "ರುಕ್ಕೀ, ಚೆನ್ನಾಗಿದೀಯೇನವ್ವಾ?" ಅಂದಳು. ನೀನು ಅವಳ ಕಾಲ ಹತ್ತಿರ ಉಗುಳಿದೆ. "ನನ್ನ ಬಾಳು ತಿಂದಾಕಿ, ನನ್ನ ಹೆಸರು ಎತ್ತಬ್ಯಾಡ" ಅಂದೆ. ಅವಳು ತಿರುಗಿ ನನ್ನನ್ನು ನೋಡಿದಳು. ನಾನು ನಿನ್ನ ಕೈ ಹಿಡಿದು ಎಳೆದೆ. "ನಡಿ, ಬಸ್ಸು ಹೊಂಡತೈತೆ."

ಬಸ್ಸು ಹೊರಡುವುದಕ್ಕೆ ಇನ್ನೂ ಹೊತ್ತಿತ್ತು. ನಾವಿಬ್ಬರೂ ಖಾಲಿ ಬಸ್ಸಿನಲ್ಲಿ ಕೂತಿದ್ದೆವು. ನೀನು ಅಳುತ್ತಿದ್ದೆ, ನಾನು ನಿನ್ನ ಬೆನ್ನು ಸವರುತ್ತಿದ್ದೆ. ಅಲ್ಲೇ ನೀನು ಕಣ್ಣೊರೆಸಿಕೊಂಡು ಆ ಮಾತು ಹೇಳಿದ್ದು. "ಸರೋಜಾನ್ನ ಕೇಳಾಕ ಬಂದ್ರೆ ನನ್ನ ಮನಿಗೇ ಕಳಿಸು ಕಮಲಕ್ಕಾ. ನೀ ನನಗೆ ಹೆಂಗೆ ಒಳ್ಳೇದು ಬಯಸಿದ್ಯೋ, ಹಂಗೇ ಆಕಿಗೂ ಒಳ್ಳೇ ಮಾತು ಆಡ್ತೀನಿ."

ಈಗ ಗಂಡಿನ ಕಡೆಯವರು ಸರೋಜಳನ್ನು ನೋಡಿ ಒಪ್ಪಿ ಹೋಗಿದ್ದಾರೆ. ಈ ವಾರ ವಿಚಾರಿಸಲು ಬರುತ್ತಾರೆ. ನಮ್ಮನ್ನು ಬಲ್ಲವರು ಯಾರು ಎಂದು ಕೇಳಿದಾಗ ನಾನು ನಿನ್ನ ಮನೆಯನ್ನೇ ತೋರಿಸಿದ್ದೇನೆ. ಮದುವೆ ಮುಗಿದ ಮೇಲೆ ಹೇಳಿದರಾಯಿತು ಎಂದು ಒಂದೆರಡು ದಿನ ಯೋಚಿಸಿದೆ. ಆ ಯೋಚನೆ ಬಂದದ್ದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ. ಆದರೆ ಹಾಗೆ ಹೇಳಿದರೆ ಅದು ಹೇಳಿದ್ದಲ್ಲ.

ನಾಳೆ ಬೆಳಗ್ಗೆ ನಮ್ಮ ವಠಾರದ ಅದೇ ನಲ್ಲಿಯ ಹತ್ತಿರ ಎಲ್ಲರೂ ಇರುವಾಗ ನಾನು ಇದನ್ನೇ ಹೇಳುತ್ತೇನೆ. ನನ್ನ ಅತ್ತೆಯೂ ಕೇಳಲಿ. ಆಮೇಲೆ ಹರಿಹರಕ್ಕೆ ಹೋಗಿ ಹುಸೇನಬಿಯ ಚೀಲದ ಮುಂದೆ ನಿಲ್ಲುತ್ತೇನೆ. ಅವಳು ಉಗುಳಿದರೆ ಒರೆಸಿಕೊಳ್ಳುವುದಿಲ್ಲ. ಸೀಳಿದ ಆ ಶಾವಿಗೆ ಮಣೆ ಇನ್ನೂ ನನ್ನ ಅಟ್ಟದ ಮೇಲಿದೆ. ಅದನ್ನು ಸೀಳಿದವಳು ನೀನು, ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಅದು ಅದರ ಪಾಡಿಗೆ ಇರಲಿ.

ಅವರು ನಿನ್ನ ಮನೆಗೆ ಬರುತ್ತಾರೆ. ಬೆಲ್ಲ ನೀರು ಕೊಡು. ಹುಡುಗಿ ಹೇಗೆ ಎಂದು ಕೇಳುತ್ತಾರೆ. ನಿನ್ನ ಬಾಯಿಗೆ ಏನು ಬರುತ್ತದೋ ಅದನ್ನು ಹೇಳು. ಸರೋಜಳದೇನೂ ತಪ್ಪಿಲ್ಲ ಎಂದು ನಾನು ನಿನ್ನನ್ನು ಬೇಡಿಕೊಳ್ಳುವುದಿಲ್ಲ, ರುಕ್ಕಿ. ಅವತ್ತು ನಿನ್ನದೂ ಏನೂ ತಪ್ಪಿರಲಿಲ್ಲ.