ಬೆಳೆಯದ ಕ್ರಿಮಿಯ ಹೆಸರು

ಆ ಬೆಳಿಗ್ಗೆ ನಲ್ಲಿ ನೀರು ಹಿಡಿದು, ಬಟ್ಟೆ ನೆನೆಹಾಕಿ, ಮಗಳಿಗೆ ಜಡೆ ಹೆಣೆದು, ವಿಜಯನಗರದ ನರ್ಸಿಂಗ್ ಹೋಮಿಗೆ ಹೋದೆ. ಅಪೆಂಡಿಕ್ಸ್ ಒಡೆದು ನಮ್ಮವರ ಹೊಟ್ಟೆಯಲ್ಲಿ ಕೀವು ತುಂಬಿತ್ತು. ಆಪರೇಷನ್ ಆಗಿ ನಾಲ್ಕು ದಿನವಾದರೂ ಜ್ವರ ಇಳಿದಿರಲಿಲ್ಲ.

ಡಾಕ್ಟರು ಲ್ಯಾಬಿನ ವರದಿ ತೋರಿಸಿದರು. ಕೀವಿನಲ್ಲಿ ಯಾವ ಕ್ರಿಮಿಯೂ ಬೆಳೆದಿಲ್ಲವಂತೆ! ಆ ಕೀವಿನ ಬಾಟಲಿಯನ್ನು ಬಸ್ಸಿನಲ್ಲಿ ರಾಜಾಜಿನಗರದ ಲ್ಯಾಬಿಗೆ ಒಯ್ದವಳು ನಾನೇ. ಕ್ರಿಮಿಯನ್ನು ಬೆಳೆಸಿ ನೋಡುತ್ತಾರೆಂದು ಕೇಳಿದ್ದರಿಂದ, ಜೀವ ಇರುವುದಕ್ಕೆ ಗಾಳಿ ಬೇಕಲ್ಲ ಎಂದು ದಾರಿಯುದ್ದಕ್ಕೂ ಮುಚ್ಚಳ ಸಡಿಲಿಸಿ ಹಿಡಿದುಕೊಂಡಿದ್ದೆ. ಅದನ್ನು ಹೇಳಿದಾಗ ಡಾಕ್ಟರು ಹಣೆ ಚಚ್ಚಿಕೊಂಡರು.

“ಅಯ್ಯೋ ತಾಯಿ, ಗಾಳಿ ತಗುಲಿದ್ರೆ ಸಾಯೋ ಜಾತಿ ಇರ್ಬೇಕು ಇದು. ಕೀವಿನ ವಾಸನೆಗೇ ನಂಗೆ ಅನುಮಾನ ಇತ್ತು. ಫಾರಿನ್ನಲ್ಲಿ ಕ್ರಿಮಿ ಬೆಳೆಸದೇನೇ, ಸತ್ತಿದ್ರೂ, ಅದರ ಜೀನ್ ಓದಿ ಹೆಸರು ಹಿಡಿಯೋದನ್ನ ಕಲೀತಾ ಇದಾರಂತೆ. ನಮ್ಗೆ ಸದ್ಯಕ್ಕೆ ಮೂಗೇ ಗತಿ!”

ಅಂದಾಜಿನ ಮೇಲೆಯೇ ಔಷಧಿ ಬದಲಿಸಿದರು. ಮೂರನೆಯ ದಿನ ಜ್ವರ ಬಿಟ್ಟಿತು.

ಸತ್ತದ್ದು ತನ್ನ ಹೆಸರನ್ನು ಹೇಗೆ ಹೇಳುತ್ತದೆಯೋ, ನನಗೆ ಈಗಲೂ ಅರ್ಥವಾಗಿಲ್ಲ. ಜ್ವರ ಬಿಟ್ಟ ಆ ಸಂಜೆ ನಮ್ಮವರು ಒಂದು ಇಡ್ಲಿ ತಿಂದರು, ಉಳಿದ ಎರಡನ್ನು ನಾನು ತಿಂದೆ. ಅವರನ್ನು ಮಲಗಿಸಬೇಕೆಂದು ಮಂಚದ ಪಕ್ಕ ಕುಳಿತವಳು, ಅವರಿಗಿಂತ ಮೊದಲು ನಾನೇ ನಿದ್ದೆ ಹೋಗಿದ್ದೆ.